ಬೆಳ್ಳುಳ್ಳಿಯೋ, ಅಣಬೆಯೋ, ಮಾತ್ರೆಯೋ: ಗಂಧಕದ ಆಂಟಿಆಕ್ಸಿಡೆಂಟ್ ಆರಿಸಿಕೊಳ್ಳುವವರಿಗೆ

"ಗ್ಲುಟಾಥಿಯೋನ್ ಮಾತ್ರೆ ತಗೊಳ್ಳಲಾ, ಇಲ್ಲ ದಿನಾ ಎರಡು ಎಸಳು ಬೆಳ್ಳುಳ್ಳಿ ತಿಂದರೆ ಸಾಕಾ?" ಆಹಾರದ ಬಗ್ಗೆ ಬರೆಯುವ ನನಗೆ ಈಚೆಗೆ ಹೆಚ್ಚಾಗಿ ಬರುತ್ತಿರುವ ಪ್ರಶ್ನೆ ಇದು. ಕೇಳುವವರು ಮಾತ್ರ ಬೇರೆ ಬೇರೆ. ಮದುವೆಗೆ ಮೊದಲು ಮೈಬಣ್ಣ ತಿಳಿಯಾಗಲಿ ಎಂದು ಮಾತ್ರೆಯ ಟ್ಯೂಬ್ ಕೊಂಡ ಹುಡುಗಿ, ಅಂಗಾಲು ಉರಿಗೆ ಆಲ್ಫಾ ಲಿಪೋಯಿಕ್ ಆಸಿಡ್ ಎಂಬ ಗಂಧಕದ ಮಾತ್ರೆ ನುಂಗುತ್ತಿರುವ ಸಕ್ಕರೆ ಕಾಯಿಲೆಯವರು, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಮೇಲೆ ಎನ್‌ಎಸಿ (ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಗಂಧಕದ ಔಷಧ) ಬಗ್ಗೆ ಓದಲು ಶುರುಮಾಡಿದವರು, ಬೆಳ್ಳುಳ್ಳಿ ಈರುಳ್ಳಿ ಎರಡೂ ಒಳಗೆ ಬಾರದ ಮನೆಯವರು. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಯಾರಿಗೂ ಸರಿಯಾದ ಉತ್ತರ ಕೊಟ್ಟಂತಾಗುವುದಿಲ್ಲ. ಅದಕ್ಕೇ ಮೊದಲು ಯಾವ ಲೆಕ್ಕದ ಮೇಲೆ ಅಳೆಯಬೇಕು ಎಂದು ಹೇಳಿ, ಆಮೇಲೆ ಒಂದೊಂದನ್ನೂ ಅದರ ಮೇಲೆ ಇಟ್ಟು ನೋಡುತ್ತೇನೆ.

ದೇಹ ತಾನೇ ಮಾಡಿಕೊಳ್ಳುವುದು

ಉಸಿರಾಡುವ ಪ್ರತಿ ಜೀವಕೋಶದಲ್ಲೂ ಹೈಡ್ರೋಜನ್ ಪೆರಾಕ್ಸೈಡ್, ಸೂಪರ್‌ಆಕ್ಸೈಡ್‌ನಂಥ ಅಣುಗಳು ಹುಟ್ಟುತ್ತಲೇ ಇರುತ್ತವೆ. ಅವು ಮಿತಿಮೀರಿದರೆ ಕೋಶದ ಕೊಬ್ಬು, ಪ್ರೋಟೀನ್, ಡಿಎನ್‌ಎ ಎಲ್ಲಕ್ಕೂ ಹಾನಿ. ಇದನ್ನು ತಡೆಯುವ ಅಣುಗಳನ್ನೇ ಆಂಟಿಆಕ್ಸಿಡೆಂಟ್ ಎನ್ನುವುದು, ಈ ಕೆಲಸದಲ್ಲಿ ಗಂಧಕದ ಪಾಲು ದೊಡ್ಡದು. ಗಂಧಕಕ್ಕೆ ಅಂಟಿರುವ ಹೈಡ್ರೋಜನ್ ಸುಲಭವಾಗಿ ಕಳಚಿಕೊಂಡು ಆ ಅಣುಗಳನ್ನು ತಣ್ಣಗಾಗಿಸುತ್ತದೆ. ಹೈಡ್ರೋಜನ್ ಕಳೆದುಕೊಂಡ ಎರಡು ಗಂಧಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದು ಕಿಣ್ವ ಬಂದು ಆ ಬೆಸುಗೆ ಬಿಡಿಸಿ ಅವನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ.

ಈ ಕೆಲಸದ ಮುಖ್ಯ ಅಣುವೇ ಗ್ಲುಟಾಥಿಯೋನ್. ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳು (ಪ್ರೋಟೀನಿನ ಇಟ್ಟಿಗೆಗಳು) ಸೇರಿ ಆದದ್ದು. ಗಂಧಕ ಇರುವುದು ಸಿಸ್ಟೀನ್‌ನಲ್ಲಿ. ಫ್ರಾನ್ಸಿನ ರೇ-ಪೈಲ್ಹಾಡ್ 1888ರಲ್ಲಿ ಯೀಸ್ಟ್‌ನಲ್ಲಿ ಇದರ ಸುಳಿವು ಹಿಡಿದರು, ಕೇಂಬ್ರಿಜ್‌ನ ಹಾಪ್ಕಿನ್ಸ್ 1921ರಲ್ಲಿ ಈಗಿನ ಹೆಸರು ಕೊಟ್ಟರು. ನಮ್ಮ ಕೋಶಗಳಲ್ಲಿ ಇದರ ಸಾಂದ್ರತೆ 1ರಿಂದ 10 ಮಿಲಿಮೋಲಾರ್. ಊಟಕ್ಕೆ ಮೊದಲು ರಕ್ತದಲ್ಲಿರುವ ಸಕ್ಕರೆಯ ಸಾಂದ್ರತೆಯೇ ಸುಮಾರು 5 ಎಂದಮೇಲೆ, ಇದು ಎಷ್ಟು ಧಾರಾಳವಾಗಿದೆ ಎಂದು ಅಂದಾಜು ಮಾಡಿಕೊಳ್ಳಿ. ಯಕೃತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು.

ಹಾಗಾಗಿ ನಾನು ಹೇಳಬೇಕಾದ ಮುಖ್ಯ ಮಾತು ಇದು: ಆಂಟಿಆಕ್ಸಿಡೆಂಟ್ ಅನ್ನು ಹೊರಗಿನಿಂದ ಕೊಂಡು ತಂದು ಒಳಗೆ ಸುರಿಯುವ ಅಗತ್ಯ ಬಹುಪಾಲು ಜನರಿಗೆ ಇಲ್ಲ. ದೇಹ ತಾನು ಮಾಡಿಕೊಳ್ಳುವುದಕ್ಕೆ ಏನು ಬೇಕೋ ಅದನ್ನು ಒದಗಿಸಬೇಕು. ಅದರಲ್ಲಿ ಮೂರು ಬಗೆ. ಒಂದು ಕಚ್ಚಾವಸ್ತು, ಅಂದರೆ ಸಿಸ್ಟೀನ್ ಮತ್ತು ಅದನ್ನು ಕೊಡುವ ಮಿಥಿಯೋನಿನ್. ಎರಡನೆಯದು ಸೂಚನೆ: ಕೆಲವು ಗಂಧಕದ ಅಣುಗಳು ಊರಿಗೆ ಡಂಗುರ ಸಾರುವವನ ಹಾಗೆ ಕೋಶವನ್ನು ಎಚ್ಚರಿಸುತ್ತವೆ. ಕೀಪ್1 ಎಂಬ ಪ್ರೋಟೀನಿನ ಸಿಸ್ಟೀನ್‌ಗೆ ಅವು ಅಂಟಿಕೊಂಡರೆ, ಅಲ್ಲಿಯವರೆಗೆ ಕಟ್ಟಿಹಾಕಿದ್ದ ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನ್ ಬಿಡುಗಡೆಯಾಗಿ ಕೋಶದ ಕೇಂದ್ರಕ್ಕೆ ಹೋಗುತ್ತದೆ, ರಕ್ಷಣೆಯ ಕಿಣ್ವಗಳನ್ನು ಹೆಚ್ಚು ಮಾಡಿಸುತ್ತದೆ. ಮೂರನೆಯದು, ದೇಹ ತಾನೇ ಮಾಡಿಕೊಳ್ಳಲಾರದೆ ಆಹಾರದಿಂದಲೇ ಪಡೆಯಬೇಕಾದ ಎರ್ಗೋಥಿಯೋನಿನ್ ಎಂಬ ಗಂಧಕದ ಅಣು.

ಅಳೆಯುವುದು ಯಾವುದರ ಮೇಲೆ?

ಮೊದಲ ಪ್ರಶ್ನೆ: ಇದು ಈ ಮೂರರಲ್ಲಿ ಯಾವ ಕೆಲಸ ಮಾಡುತ್ತದೆ, ಮತ್ತು ಆ ಕೊರತೆ ನಿಮಗೆ ಇದೆಯೇ? ಎರಡನೆಯದು: ತಿಂದದ್ದು ನಿಜವಾಗಿ ಕೋಶದವರೆಗೆ ತಲುಪುತ್ತದೆಯೇ? ಗಾಜಿನ ನಳಿಕೆಯಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆದು ಕೊಡುವ ಅಂಕಗಳನ್ನು ಪ್ಯಾಕೆಟ್ಟಿನ ಮೇಲೆ ನೋಡಿರುತ್ತೀರಿ. ಒರಾಕ್ ಎಂಬ ಅಂಥ ಅಂಕಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತು, ಏಕೆಂದರೆ ಮನುಷ್ಯನ ಆರೋಗ್ಯಕ್ಕೂ ಆ ಅಂಕಕ್ಕೂ ಸಂಬಂಧ ಕಂಡಿರಲಿಲ್ಲ. ಮೂರನೆಯದು: ಇಲಿಯ ಮೇಲಲ್ಲ, ಮನುಷ್ಯರ ಮೇಲೆ ಏನು ಕಂಡಿದೆ? ನಾಲ್ಕನೆಯದು: ನಿಮ್ಮ ಅಡುಗೆಮನೆ, ಜೇಬು, ಈಗಾಗಲೇ ಇರುವ ಕಾಯಿಲೆ ಮತ್ತು ಔಷಧ, ಇವುಗಳಿಗೆ ಹೊಂದುತ್ತದೆಯೇ?

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಂಟಿಆಕ್ಸಿಡೆಂಟ್ ಎಂದಮಾತ್ರಕ್ಕೆ ಎಷ್ಟು ತಿಂದರೂ ಒಳ್ಳೆಯದೇ ಎಂಬ ನಂಬಿಕೆ 1994ರಲ್ಲೇ ಮುರಿದುಬಿತ್ತು. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಸಿಗರೇಟು ಚಟದ ಗಂಡಸರಲ್ಲಿ ಕೆಲವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟು ನೋಡಿದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಬಂತು. ಅದು ಗಂಧಕದ ಅಣುವಲ್ಲ, ನಿಜ. ಆದರೆ 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಶ್ವಾಸಕೋಶದಲ್ಲಿ ಗೆಡ್ಡೆ ಬೆಳೆಯುತ್ತಿದ್ದ ಇಲಿಗಳಿಗೆ ಗಂಧಕದ್ದೇ ಆದ ಎನ್‌ಎಸಿ ಕೊಟ್ಟಾಗ ಗೆಡ್ಡೆ ಇನ್ನೂ ಬೇಗ ಬೆಳೆಯಿತು. ಕೆಟ್ಟ ಕೋಶಗಳಿಗೂ ಅದೇ ರಕ್ಷಣೆ ಸಿಗುತ್ತದೆ. ಊಟದಲ್ಲಿ ಬರುವ ಪ್ರಮಾಣಕ್ಕೆ ಈ ಭಯ ಬೇಡ. ಮಾತ್ರೆಯ ಪ್ರಮಾಣಕ್ಕೆ ಈ ಎಚ್ಚರ ಬೇಕು.

ಬೆಳ್ಳುಳ್ಳಿ, ಈರುಳ್ಳಿ

ಇಡೀ ಎಸಳಿನಲ್ಲಿ ಅಲಿಸಿನ್ ಇರುವುದೇ ಇಲ್ಲ. ಅಲ್ಲಿರುವುದು ವಾಸನೆಯಿಲ್ಲದ ಅಲಿಯಿನ್, ಮತ್ತು ಬೇರೆ ಕೋಣೆಯಲ್ಲಿ ಅಲಿಯಿನೇಸ್ ಎಂಬ ಕಿಣ್ವ. ಜಜ್ಜಿದಾಗ ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಆ ಘಾಟು ಅದರದ್ದೇ. ಕ್ಯಾವಲಿಟೊ ಮತ್ತು ಬೈಲಿ ಎಂಬವರು ಅದನ್ನು 1944ರಲ್ಲಿ ಬೇರ್ಪಡಿಸಿದರು. ತಿಂದಮೇಲೆ ಅಲಿಸಿನ್ ಅಲಿಸಿನ್ ಆಗಿಯೇ ರಕ್ತಕ್ಕೆ ಸೇರುವುದಿಲ್ಲ, ಗ್ಲುಟಾಥಿಯೋನ್ ಮುಂತಾದವುಗಳ ಜೊತೆ ತಕ್ಷಣ ಬೆರೆತು ಬೇರೆ ರೂಪ ತಾಳುತ್ತದೆ. ಹಾಗಾಗಿ ಅದರ ಕೆಲಸ ನೇರ ಕಾದಾಟಕ್ಕಿಂತ ಹೆಚ್ಚಾಗಿ ಸೂಚನೆ ಕೊಡುವುದು.

ಬಾಣಲೆಯಲ್ಲಿ ಎಣ್ಣೆ ಕಾದಮೇಲೆ ಇಡೀ ಎಸಳನ್ನೇ ಒಗ್ಗರಣೆಗೆ ಹಾಕಿದರೆ ಕಿಣ್ವ ಕೆಲಸ ಶುರುಮಾಡುವ ಮೊದಲೇ ಸತ್ತುಹೋಗುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಬಿಸಿಗೆ ಹಾಕಿದರೆ ಗುಣ ಬಹಳಷ್ಟು ಉಳಿಯುತ್ತದೆ ಎಂದು ಅಮೆರಿಕದಲ್ಲಿ ಮಾಡಿದ ಪ್ರಯೋಗಗಳಲ್ಲಿ ಕಂಡಿದೆ. ಹಸಿಯಾಗಿಯೇ ಕುಟ್ಟುವ ಶೇಂಗಾ ಚಟ್ನಿ, ಉಪ್ಸಾರಿನ ಖಾರ ಇವುಗಳಲ್ಲಿ ಈ ಚಿಂತೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ದಿನಕ್ಕೆ 2ರಿಂದ 5 ಗ್ರಾಂ ಹಸಿ ಬೆಳ್ಳುಳ್ಳಿ. ಹೊರದೇಶದ ಲೇಖನಗಳ "ಒಂದು ಎಸಳು" ನಮ್ಮ ನಾಟಿ ಬೆಳ್ಳುಳ್ಳಿಯ ಮೂರು ನಾಲ್ಕು ಎಸಳಿಗೆ ಸಮ, ಅಷ್ಟು ಸಣ್ಣ ನಮ್ಮದು.

ಅತಿಯಾದ ನಿರೀಕ್ಷೆ ಬೇಡ. ಸ್ಟ್ಯಾನ್‌ಫರ್ಡ್‌ನಲ್ಲಿ 192 ಜನರಿಗೆ ಆರು ತಿಂಗಳು ಹಸಿ ಬೆಳ್ಳುಳ್ಳಿ, ಬೆಳ್ಳುಳ್ಳಿ ಪುಡಿಯ ಮಾತ್ರೆ, ಬಹಳ ಕಾಲ ಮಾಗಿಸಿದ ಬೆಳ್ಳುಳ್ಳಿಯ ಸಾರ ಹಂಚಿ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕೆಟ್ಟ ಕೊಲೆಸ್ಟರಾಲ್ ಯಾವುದರಿಂದಲೂ ಇಳಿಯಲಿಲ್ಲ. ರಕ್ತದೊತ್ತಡ ಹೆಚ್ಚಿರುವವರಲ್ಲಿ ಸ್ವಲ್ಪ ಇಳಿಕೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ, ಆದರೆ ಬಿಪಿ ಮಾತ್ರೆ ಬಿಡುವಷ್ಟಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಕೆಲಸ. ಧಾನ್ಯ ಮತ್ತು ಬೇಳೆಗಳ ಜೊತೆ ಬೆಳ್ಳುಳ್ಳಿ ಅಥವಾ ಈರುಳ್ಳಿ ಸೇರಿಸಿದಾಗ ಅವುಗಳಲ್ಲಿನ ಕಬ್ಬಿಣ, ಸತುವು ಜೀರ್ಣಕ್ರಿಯೆಯಲ್ಲಿ ಹೆಚ್ಚು ಬಿಡುಗಡೆಯಾಗುತ್ತವೆ ಎಂದು ಅವರು ಪ್ರಯೋಗಾಲಯದಲ್ಲಿ ತೋರಿಸಿದರು. ಅನ್ನ-ಸಾರು, ಮುದ್ದೆ-ಸಾರು, ರೊಟ್ಟಿ-ಪಲ್ಯವೇ ಊಟವಾಗಿರುವ, ರಕ್ತಹೀನತೆ ಮನೆಮನೆಯಲ್ಲೂ ಇರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಜೋಳದ ರೊಟ್ಟಿಯ ಪಕ್ಕ ಹಸಿ ಉಳ್ಳಾಗಡ್ಡಿ ಇಡುವ ಉತ್ತರ ಕರ್ನಾಟಕದ ಪದ್ಧತಿಗೆ ನಾನು ಈ ಕಾರಣಕ್ಕೂ ಕೈಮುಗಿಯುತ್ತೇನೆ. ಈರುಳ್ಳಿಯಿಂದ ಅಲಿಸಿನ್ ಸಿಗುವುದಿಲ್ಲ. ಕಣ್ಣೀರು ತರಿಸುವ ಬೇರೆ ಗಂಧಕದ ಅಣುಗಳ ಜೊತೆಗೆ ಕ್ವರ್ಸೆಟಿನ್ ಎಂಬ ಗಂಧಕವಲ್ಲದ ಆಂಟಿಆಕ್ಸಿಡೆಂಟ್ ಸಿಗುತ್ತದೆ.

ಬೆಲೆ ಏರಿಳಿಯುತ್ತದೆ. 2024ರಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದ್ದು ನೆನಪಿರಬಹುದು. ಆಗಲೂ ದಿನಕ್ಕೆ 4 ಗ್ರಾಂ ಲೆಕ್ಕ ಹಾಕಿದರೆ ಒಂದೂ ಮುಕ್ಕಾಲು ರೂಪಾಯಿಯ ಒಳಗೆ. ಯಾರಿಗೆ ಆಗದು? ಹೊಟ್ಟೆಯುಬ್ಬರ, ಐಬಿಎಸ್ (ಕರುಳಿನ ಕಿರಿಕಿರಿ) ಇರುವವರಿಗೆ ಇವೆರಡರಲ್ಲಿರುವ ಫ್ರಕ್ಟಾನ್ ಎಂಬ ನಾರು ಹಿಂಸೆ. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಔಷಧದಲ್ಲಿರುವವರು ಅಡುಗೆಯ ಪ್ರಮಾಣಕ್ಕೆ ಹೆದರಬೇಕಿಲ್ಲ, ಬೆಳ್ಳುಳ್ಳಿ ಕ್ಯಾಪ್ಸೂಲ್ ಮಾತ್ರ ವೈದ್ಯರನ್ನು ಕೇಳದೆ ಬೇಡ.

ಕೋಸು, ಮೂಲಂಗಿ, ನುಗ್ಗೆಸೊಪ್ಪು, ಸಾಸಿವೆ

ಈ ಗುಂಪನ್ನು ನಮ್ಮಲ್ಲಿ ಅದರ ಯೋಗ್ಯತೆಗೆ ತಕ್ಕಂತೆ ಯಾರೂ ಮೆಚ್ಚುವುದಿಲ್ಲ ಎಂಬುದು ನನ್ನ ಕೊರಗು. ಸೂಚನೆ ಕೊಡುವ ಕೆಲಸದಲ್ಲಿ ಬೆಳ್ಳುಳ್ಳಿಗಿಂತ ಗಟ್ಟಿ ಆಧಾರ ಇವಕ್ಕೇ ಇದೆ.

ಇಲ್ಲೂ ಕಥೆ ಅದೇ: ಗ್ಲುಕೋಸಿನೊಲೇಟ್ ಎಂಬ ಗಂಧಕದ ವಸ್ತು ಒಂದು ಕಡೆ, ಮೈರೋಸಿನೇಸ್ ಕಿಣ್ವ ಇನ್ನೊಂದು ಕಡೆ. ಹೆಚ್ಚಿದಾಗ, ಅಗಿದಾಗ ಎರಡೂ ಸೇರಿ ಐಸೋಥಯೋಸಯನೇಟ್ ಹುಟ್ಟುತ್ತದೆ. ಸಾಸಿವೆಯ ಮೂಗಿಗೇರುವ ಖಾರ, ಹಸಿ ಮೂಲಂಗಿಯ ಚುರುಕು ಅದೇ. ಬ್ರೊಕೋಲಿಯಿಂದ ಬರುವ ಸಲ್ಫೊರಫೇನ್ ಈ ಕುಟುಂಬದಲ್ಲಿ ಹೆಸರಾದದ್ದು. ಜಾನ್ಸ್ ಹಾಪ್ಕಿನ್ಸ್‌ನ ಪಾಲ್ ತಲಾಲೆ ತಂಡ ಅದನ್ನು 1992ರಲ್ಲಿ ಬೇರ್ಪಡಿಸಿ, ಎಳೆ ಮೊಳಕೆಗಳಲ್ಲಿ ಅದರ ಮೂಲವಸ್ತು ಬಲಿತ ಬ್ರೊಕೋಲಿಗಿಂತ 10ರಿಂದ 100 ಪಟ್ಟು ಹೆಚ್ಚಿದೆ ಎಂದು 1997ರಲ್ಲಿ ತೋರಿಸಿತು. ಚೀನಾದ ಚಿಡಾಂಗ್ ಪ್ರದೇಶದಲ್ಲಿ ಹೊಗೆಗಾಳಿ ಉಸಿರಾಡುವ ಸುಮಾರು 290 ಜನರಿಗೆ ಹನ್ನೆರಡು ವಾರ ಆ ಮೊಳಕೆಯ ಪಾನೀಯ ಕೊಟ್ಟಾಗ, ಮೈಯೊಳಗಿನ ಬೆಂಜೀನ್ ಗ್ಲುಟಾಥಿಯೋನ್‌ಗೆ ಅಂಟಿಕೊಂಡು ಮೂತ್ರದಲ್ಲಿ ಹೊರಹೋಗುವುದು ಶೇ. 61ರಷ್ಟು ಹೆಚ್ಚಿತು, ಈ ವರದಿ 2014ರದು. ಮನುಷ್ಯರಲ್ಲಿ, ಆಹಾರದಿಂದ, ಅಳೆದು ತೋರಿಸಿದ ಪರಿಣಾಮ ಇದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಗಂಟೆಗಟ್ಟಲೆ ನಿಲ್ಲುವವರಿಗೆ ಇದರಲ್ಲಿ ಆಸಕ್ತಿ ಹುಟ್ಟಬೇಕು.

ಆದರೆ ಬ್ರೊಕೋಲಿ ದುಬಾರಿ, ಎಲ್ಲ ಸಂತೆಯಲ್ಲೂ ಸಿಗುವುದಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿಗಳಲ್ಲಿ ಸಲ್ಫೊರಫೇನ್ ಅಷ್ಟಿಲ್ಲದಿದ್ದರೂ ಅದರ ಹತ್ತಿರದ ಸಂಬಂಧಿಗಳಿವೆ. ನುಗ್ಗೆಸೊಪ್ಪಿನಲ್ಲಿ ಮೊರಿಂಜಿನ್ ಎಂಬ ತನ್ನದೇ ಐಸೋಥಯೋಸಯನೇಟ್ ಇದೆ, ಹಿತ್ತಿಲಲ್ಲಿ ಮರವಿದ್ದರೆ ಅದಕ್ಕೆ ಕಾಸೂ ಬೇಕಿಲ್ಲ.

ತೊಡಕು ಬೇಯಿಸುವುದರಲ್ಲಿದೆ. ಕುಕ್ಕರಿನಲ್ಲಿ ಮೂರು ವಿಸಿಲ್ ಕೂಗಿಸಿದರೆ ಕಿಣ್ವ ಉಳಿಯುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಸ್ವಲ್ಪ ಕೆಲಸ ಮಾಡಿಕೊಡುತ್ತವೆ, ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಪರಿಹಾರಗಳು ಮೂರಿವೆ. ಹೆಚ್ಚಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಆಮೇಲೆ ಬೇಯಿಸುವುದು. ಮೂಲಂಗಿ ಕೋಸಂಬರಿ, ಮೊಸರು ಬಜ್ಜಿ, ಎಲೆಕೋಸಿನ ಪಚಡಿಯಂತೆ ಹಸಿಯಾಗಿ ತಿನ್ನುವುದು. ಇಲ್ಲವೇ ಬೇಯಿಸಿದ ಪಲ್ಯ ಕೆಳಗಿಳಿಸಿದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಕಲಸುವುದು. ಕೊನೆಯದು ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಸಂಶೋಧಕರು 2018ರಲ್ಲಿ, ಬೇಯಿಸಿದ 200 ಗ್ರಾಂ ಬ್ರೊಕೋಲಿಗೆ 1 ಗ್ರಾಂ ಸಾಸಿವೆ ಪುಡಿ ಹಾಕಿ ತಿಂದವರಿಗೆ ನಾಲ್ಕು ಪಟ್ಟಿಗೂ ಹೆಚ್ಚು ಸಲ್ಫೊರಫೇನ್ ದಕ್ಕಿತೆಂದು ಪ್ರಕಟಿಸಿದರು. ಸಾಸಿವೆಯ ಕಿಣ್ವ ಸತ್ತ ಕಿಣ್ವದ ಕೆಲಸ ಮಾಡಿಕೊಟ್ಟಿತು. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆಯಿಂದ ಇದು ಆಗದು. ಮಲೆನಾಡು, ಕರಾವಳಿಯಲ್ಲಿ ಹಸಿ ಸಾಸಿವೆಯನ್ನು ಕಾಯಿಯ ಜೊತೆ ರುಬ್ಬಿ, ಬೇಯಿಸಿದ ಹೋಳಿಗೋ ಹಣ್ಣಿಗೋ ಮೊಸರಿನೊಂದಿಗೆ ಕಲಸಿ, ಮತ್ತೆ ಕುದಿಸದೆ ಬಡಿಸುವ "ಸಾಸಿವೆ" ಎಂಬ ಪದಾರ್ಥ ಇದೆಯಲ್ಲ, ಅದರಿಂದ ಆಗುತ್ತದೆ.

ಥೈರಾಯ್ಡ್ ಇರುವವರು ಕೋಸು ಕಂಡರೆ ಹೆದರುತ್ತಾರೆ. ಅಯೋಡಿನ್ ಉಪ್ಪು ಬಳಸುತ್ತ, ಬೇಯಿಸಿ, ಪಲ್ಯದ ಪ್ರಮಾಣದಲ್ಲಿ ತಿಂದರೆ ಸಮಸ್ಯೆಯಿಲ್ಲ. ದಿನಾ ಲೋಟಗಟ್ಟಲೆ ಹಸಿ ಕೋಸಿನ ಜ್ಯೂಸ್ ಕುಡಿಯುವುದು ಬೇರೆ ಮಾತು, ಅದು ಬೇಡ.

ಬೇಳೆ, ರಾಗಿ, ಮೊಟ್ಟೆ, ಮೊಸರು

ಕಚ್ಚಾವಸ್ತುವಿನ ಮಾತು ಇದು, ಬಹಳ ಜನರ ನಿಜವಾದ ಕೊರತೆಯೂ ಇಲ್ಲೇ. ಸೂಚನೆ ಎಷ್ಟು ಕೊಟ್ಟರೂ ಸಿಸ್ಟೀನ್ ಇಲ್ಲದಿದ್ದರೆ ಗ್ಲುಟಾಥಿಯೋನ್ ಆಗುವುದಿಲ್ಲ.

ಗಂಧಕದ ಅಮೈನೋ ಆಮ್ಲಗಳು ದಿನಕ್ಕೆ ದೇಹತೂಕದ ಕಿಲೋಗೆ 15 ಮಿ.ಗ್ರಾಂ ಬೇಕೆಂಬುದು ಅಂತಾರಾಷ್ಟ್ರೀಯ ಲೆಕ್ಕ. ಭಾರತೀಯರಿಗೆ ಕಡಿಮೆ ಸಾಕಾಗಬಹುದೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಮಿಥಿಯೋನಿನ್ ಮೇಲೆ ಪ್ರಯೋಗ ಮಾಡಿ ಪರೀಕ್ಷಿಸಿದರು. 2003ರಲ್ಲಿ ಬಂದ ಅವರ ಉತ್ತರ ಈ 15ರ ಲೆಕ್ಕಕ್ಕೇ ಹೊಂದುತ್ತದೆ: ನಮಗೂ ಅಷ್ಟೇ ಬೇಕು. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 900 ಮಿ.ಗ್ರಾಂ.

ನಮ್ಮ ತಟ್ಟೆಯಲ್ಲಿ ಎಷ್ಟಿದೆ? ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 300 ಮಿ.ಗ್ರಾಂ. ಒಂದು ಮೊಟ್ಟೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ ಇನ್ನೂರರ ಮೇಲೆ, 50 ಗ್ರಾಂ ಬೇಳೆಯಲ್ಲಿ ಇನ್ನೂರರ ಆಸುಪಾಸು. ಬೇಳೆಯಲ್ಲಿ ಗಂಧಕದ ಅಮೈನೋ ಆಮ್ಲ ಕಡಿಮೆ, ಧಾನ್ಯದಲ್ಲಿ ಲೈಸಿನ್ ಕಡಿಮೆ. ಮುದ್ದೆಗೆ ಸಾರು, ರೊಟ್ಟಿಗೆ ಕಾಳಿನ ಪಲ್ಯ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಳ್ಳಿನಲ್ಲಿ ಮಿಥಿಯೋನಿನ್ ಒಳ್ಳೆಯ ಪ್ರಮಾಣದಲ್ಲಿದೆ, ಗುರೆಳ್ಳು-ಎಳ್ಳಿನ ಚಟ್ನಿಪುಡಿಯನ್ನು ಮರೆಯಬೇಡಿ.

ಹೊಟ್ಟೆತುಂಬ ಊಟ ಮಾಡುವವರಿಗೆ ಇದು ತಾನಾಗಿ ಸಿಗುತ್ತದೆ. ಸಿಗದಿರುವುದು ಯಾರಿಗೆ? ರಾತ್ರಿ ಬರೀ ಅನ್ನ-ತಿಳಿಸಾರು ಉಣ್ಣುವ ವಯಸ್ಸಾದವರಿಗೆ, ಹಲ್ಲು ಹೋಗಿ ಕಾಫಿ-ಬ್ರೆಡ್ಡಿನ ಮೇಲೆ ದಿನ ದೂಡುವ ಅಜ್ಜಿಯರಿಗೆ, ತೂಕ ಇಳಿಸಲು ಊಟ ಬಿಟ್ಟವರಿಗೆ, ಕುಡಿತದ ಜೊತೆ ಊಟ ಮರೆಯುವವರಿಗೆ. ಇಂಥವರ ಕೈಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಅವರಿಗೆ ಬೇಕಾಗಿರುವುದು ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು, ತಿನ್ನುವವರಾದರೆ ಒಂದು ಮೊಟ್ಟೆ.

ಇಲ್ಲೊಂದು ಸೂಕ್ಷ್ಮವಿದೆ. ಮಿಥಿಯೋನಿನ್ ಸಿಸ್ಟೀನ್ ಆಗುವ ದಾರಿಯಲ್ಲಿ ಹೋಮೋಸಿಸ್ಟೀನ್ ಎಂಬ ಹಂತ ಬರುತ್ತದೆ. ಅದೂ ಗಂಧಕದ್ದೇ, ಆದರೆ ರಕ್ತದಲ್ಲಿ ಅದು ಏರಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಾಣುತ್ತದೆ. ಅದನ್ನು ಮುಂದಕ್ಕೆ ಸಾಗಿಸಲು ಬಿ6, ಹಿಂದಕ್ಕೆ ತಿರುಗಿಸಲು ಬಿ12 ಮತ್ತು ಫೋಲೇಟ್ ಬೇಕು. ಬೆಸೆದುಕೊಂಡ ಗ್ಲುಟಾಥಿಯೋನ್ ಬಿಡಿಸುವ ಕಿಣ್ವಕ್ಕೆ ಬಿ2, ಪೆರಾಕ್ಸೈಡ್ ತಣಿಸುವ ಕಿಣ್ವಕ್ಕೆ ಸೆಲೆನಿಯಂ ಬೇಕು. ಅಪ್ಪಟ ಸಸ್ಯಾಹಾರಿಗಳು ಗಂಧಕದ ಮಾತ್ರೆಗೆ ಖರ್ಚು ಮಾಡುವ ಮೊದಲು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಎಷ್ಟೋ ಉಪಯೋಗ. ಕಿಡ್ನಿ ಕಾಯಿಲೆಗೆ ಪ್ರೋಟೀನ್ ಮಿತಿ ಹೇಳಿಸಿಕೊಂಡವರು ಮಾತ್ರ ಆ ಮಿತಿಯೊಳಗೇ ಇರಬೇಕು.

ಅಣಬೆ

ಎರ್ಗೋಥಿಯೋನಿನ್ ಅನ್ನು ಶಿಲೀಂಧ್ರಗಳು, ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಮಾಡಬಲ್ಲವು. 1909ರಲ್ಲಿ ಫ್ರಾನ್ಸಿನ ಟಾನ್ರೆ ಇದನ್ನು ಧಾನ್ಯಕ್ಕೆ ಬರುವ ಎರ್ಗಟ್ ಎಂಬ ಶಿಲೀಂಧ್ರದಲ್ಲಿ ಕಂಡರು. ಸುಮಾರು ನೂರು ವರ್ಷ ಯಾರೂ ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. 2005ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ, ನಮ್ಮ ಕೋಶಗಳ ಗೋಡೆಯಲ್ಲಿ ಇದನ್ನು ಒಳಗೆ ಸಾಗಿಸುವುದಕ್ಕೇ ಎಂಬಂತೆ ಒಂದು ಪ್ರೋಟೀನ್ ಇದೆ ಎಂದು ಗೊತ್ತಾಯಿತು. ತಿಂದದ್ದು ರಕ್ತಕ್ಕೆ ಸೇರುತ್ತದೆ, ಮೂತ್ರದಲ್ಲಿ ಬೇಗ ಹೊರಹೋಗದೆ ಉಳಿಯುತ್ತದೆ. ನಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಕೋಶಕ್ಕೆ ತಲುಪುತ್ತದೆಯೇ ಎಂಬುದಕ್ಕೆ, ಇಷ್ಟು ನೇರವಾದ ಹೌದು ಬೇರೆ ಯಾವುದಕ್ಕೂ ಇಲ್ಲ. 2018ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಬ್ರೂಸ್ ಏಮ್ಸ್ ಇದನ್ನು ದೀರ್ಘಾಯುಷ್ಯದ ವಿಟಮಿನ್‌ಗಳ ಸಾಲಿಗೆ ಸೇರಿಸಬೇಕೆಂದರು. ಅದು ಅವರ ವಾದ, ಸಾಬೀತಾದ ಸಂಗತಿಯಲ್ಲ. ಇದು ಇಲ್ಲದೆ ಯಾರಿಗೂ ನಿರ್ದಿಷ್ಟ ಕಾಯಿಲೆ ಬಂದದ್ದು ಕಂಡಿಲ್ಲ.

ಅಂಗಡಿಯ ಬಿಳಿ ಬಟನ್ ಅಣಬೆಗಿಂತ ಚಿಪ್ಪಣಬೆಯಲ್ಲಿ (ಆಯ್ಸ್ಟರ್ ಅಣಬೆ) ಇದು ಹೆಚ್ಚು. ಬೇಯಿಸಿದರೂ ಕೆಡದು, ಆದ್ದರಿಂದ ಸಾರು ಮಾಡಿ, ಪಲ್ಯ ಮಾಡಿ, ಚಿಂತೆ ಬೇಡ. ದುಡ್ಡು ಹೆಚ್ಚೆನಿಸಿದರೆ ಚಿಪ್ಪಣಬೆಯನ್ನು ಭತ್ತದ ಹುಲ್ಲಿನಲ್ಲಿ ಮನೆಯಲ್ಲೇ ಬೆಳೆಯಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ತರಬೇತಿಯೂ ಸಿಗುತ್ತದೆ. ಮಳೆಗಾಲದಲ್ಲಿ ಕಾಡಿನಿಂದ ತರುವ ಅಣಬೆಯನ್ನು ಗುರುತು ಬಲ್ಲವರು ಹೇಳದೆ ತಿನ್ನಬೇಡಿ.

ಟಾರಿನ್

ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ಕಾಣುವ ಟಾರಿನ್ ಕೂಡ ಗಂಧಕದ್ದು, ನಮ್ಮ ದೇಹವೇ ಮಾಡಿಕೊಳ್ಳುತ್ತದೆ, ಮೀನು-ಮಾಂಸದಲ್ಲೂ ಇದೆ. 2023ರಲ್ಲಿ ಇಲಿಗಳ ಆಯುಸ್ಸು ಟಾರಿನ್‌ನಿಂದ ಶೇ. 10-12ರಷ್ಟು ಹೆಚ್ಚಿತೆಂದು ವರದಿ ಬಂದು ಎಲ್ಲರೂ ಕೊಳ್ಳಲು ಹೊರಟರು. 2025ರಲ್ಲಿ ಬಂದ ಇನ್ನೊಂದು ಅಧ್ಯಯನ, ಮನುಷ್ಯರಲ್ಲಿ ವಯಸ್ಸಾದಂತೆ ಟಾರಿನ್ ಕಡಿಮೆಯಾಗುತ್ತದೆ ಎಂಬ ಮೂಲ ಮಾತೇ ಸರಿಯಲ್ಲ ಎಂದಿತು. ಸದ್ಯಕ್ಕೆ ಇದರ ಮೇಲೆ ಹಣ ಹಾಕುವ ಕಾರಣ ನನಗೆ ಕಾಣುತ್ತಿಲ್ಲ.

ಮಾತ್ರೆಗಳು

ಗ್ಲುಟಾಥಿಯೋನ್: ಬಾಯಿಂದ ತೆಗೆದುಕೊಂಡದ್ದು ಕರುಳಿನಲ್ಲಿ ಬಹುಪಾಲು ಒಡೆದುಹೋಗುತ್ತದೆ. ನಾಲ್ಕು ವಾರ ಕೊಟ್ಟ ಒಂದು ಅಧ್ಯಯನದಲ್ಲಿ ಏನೂ ಬದಲಾಗಲಿಲ್ಲ, ಆರು ತಿಂಗಳು ಕೊಟ್ಟ ಇನ್ನೊಂದರಲ್ಲಿ ರಕ್ತದ ಮಟ್ಟ ಏರಿತು. ಏರಿದ್ದರಿಂದ ಆರೋಗ್ಯವಂತರಿಗೆ ಏನು ಲಾಭ ಎಂಬುದಕ್ಕೆ ಗಟ್ಟಿ ಉತ್ತರವಿಲ್ಲ. ಬೆಲೆ ಮಾತ್ರ ಇಡೀ ಮನೆಯ ತಿಂಗಳ ಬೇಳೆಯ ಖರ್ಚನ್ನು ಮೀರಬಹುದು. ಮೈ ಬಿಳುಪಾಗಲೆಂದು ಇದನ್ನೇ ರಕ್ತನಾಳಕ್ಕೆ ಚುಚ್ಚಿಸಿಕೊಳ್ಳುವ ಯೋಚನೆ ಇರುವವರಿಗೆ ನನ್ನ ಬೇಡಿಕೆ ಒಂದೇ, ದಯವಿಟ್ಟು ಬೇಡ. ಚರ್ಮ ಬಿಳುಪಾಗಿಸುವ ಚುಚ್ಚುಮದ್ದುಗಳ ಬಗ್ಗೆ ಅಮೆರಿಕ ಮತ್ತು ಫಿಲಿಪ್ಪೀನ್ಸ್ ಎರಡೂ ದೇಶಗಳ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟಿದ್ದಾರೆ. ಕಿಡ್ನಿ, ಥೈರಾಯ್ಡ್ ತೊಂದರೆಗಳಿಂದ ಹಿಡಿದು ಚರ್ಮವೇ ಸುಲಿಯುವ ಪ್ರಾಣಾಂತಿಕ ಪ್ರತಿಕ್ರಿಯೆಯವರೆಗೆ ಅಪಾಯಗಳಿವೆ. ನಿಮ್ಮ ಬಣ್ಣದಲ್ಲಿ ಸರಿಪಡಿಸಬೇಕಾದ್ದು ಏನೂ ಇಲ್ಲ.

ಎನ್‌ಎಸಿ: ಇದು ನಿಜವಾದ ಔಷಧ. ಪ್ಯಾರಾಸಿಟಮಾಲ್ ಮಿತಿಮೀರಿದಾಗ ಅದರಿಂದ ಹುಟ್ಟುವ ವಿಷ ಯಕೃತ್ತಿನ ಗ್ಲುಟಾಥಿಯೋನ್ ಪೂರ್ತಿ ಬರಿದು ಮಾಡುತ್ತದೆ. ಆಗ ಸಿಸ್ಟೀನ್ ಒದಗಿಸಿ ಜೀವ ಉಳಿಸುವುದು ಎನ್‌ಎಸಿ. ಎಂಟು ಗಂಟೆಯೊಳಗೆ ಶುರುವಾದರೆ ಫಲ ಬಹಳ ಒಳ್ಳೆಯದು. ಮನೆಯಲ್ಲಿ ಯಾರಾದರೂ ಪ್ಯಾರಾಸಿಟಮಾಲ್ ಹೆಚ್ಚು ನುಂಗಿದ್ದರೆ, ನೋಡಲು ಚೆನ್ನಾಗಿದ್ದಾರೆಂದು ಕಾಯಬೇಡಿ, ಆಸ್ಪತ್ರೆಗೆ ಓಡಿ. ಕಟ್ಟಿದ ಕಫ ಕರಗಿಸಲು 600 ಮಿ.ಗ್ರಾಂ ಮಾತ್ರೆ ಬರೆಯುವುದೂ ಉಂಟು. ಆದರೆ ಆರೋಗ್ಯವಂತರು ಮುಪ್ಪು ತಡೆಯಲೆಂದು ವರ್ಷಗಟ್ಟಲೆ ನುಂಗುವುದಕ್ಕೆ ಸಾಕಷ್ಟು ಆಧಾರವಿಲ್ಲ, ಮೇಲೆ ಹೇಳಿದ ಇಲಿಗಳ ಸಂಗತಿಯನ್ನೂ ಮರೆಯುವಂತಿಲ್ಲ. ಕ್ಯಾನ್ಸರ್ ಇರುವವರು, ಇದ್ದು ಗುಣವಾದವರು ತಾವಾಗಿ ಮುಟ್ಟಬಾರದು. ಆಸ್ತಮಾ ಇರುವವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಆಲ್ಫಾ ಲಿಪೋಯಿಕ್ ಆಸಿಡ್: ಇದೂ ದೇಹವೇ ಮಾಡಿಕೊಳ್ಳುವುದು, ಆಹಾರದಲ್ಲಿ ಅತ್ಯಲ್ಪ. ಎಷ್ಟು ಅಲ್ಪವೆಂದರೆ 1951ರಲ್ಲಿ ಲೆಸ್ಟರ್ ರೀಡ್ ತಂಡ ಸುಮಾರು ಹತ್ತು ಟನ್ ಯಕೃತ್ತಿನ ಉಳಿಕೆಯಿಂದ ಪಡೆದ ಹರಳು 30 ಮಿ.ಗ್ರಾಂ. ಸಕ್ಕರೆ ಕಾಯಿಲೆಯ ನರದ ನೋವಿಗೆ ಜರ್ಮನಿಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ದಿನಕ್ಕೆ 600 ಮಿ.ಗ್ರಾಂನಂತೆ ನಾಲ್ಕು ವರ್ಷ, 460 ಜನರಿಗೆ ಕೊಟ್ಟು ನೋಡಿದ ನೇಥನ್ ಅಧ್ಯಯನದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ, ಆದರೆ ನರದ ಕೆಲವು ಲಕ್ಷಣಗಳಲ್ಲಿ ಸುಧಾರಣೆ ಕಂಡಿತು. ನಮ್ಮಲ್ಲಿ ಬರೆಯುವ ಎಷ್ಟೋ ಸಂಯುಕ್ತ ಮಾತ್ರೆಗಳಲ್ಲಿ ಇರುವುದು 100 ಮಿ.ಗ್ರಾಂ ಅಷ್ಟೇ, ಚೀಟಿಯ ಹಿಂಬದಿ ಓದಿ ನೋಡಿ. ಅಪರೂಪಕ್ಕೆ ಇದರಿಂದ ದೇಹ ತನ್ನ ಇನ್ಸುಲಿನ್ ಮೇಲೆಯೇ ತಿರುಗಿಬಿದ್ದು ಸಕ್ಕರೆ ಮಟ್ಟ ಹಠಾತ್ತನೆ ಕುಸಿಯುವುದುಂಟು.

ನಿಮಗೆ ಯಾವುದು?

ಆರೋಗ್ಯವಾಗಿದ್ದೀರಿ, ಬಜೆಟ್ ಬಿಗಿ: ಬೇಳೆ ಗಟ್ಟಿಯಾಗಿರಲಿ, ವಾರದಲ್ಲಿ ಮೂರು ನಾಲ್ಕು ದಿನ ಮೂಲಂಗಿ, ಕೋಸು ಅಥವಾ ನುಗ್ಗೆಸೊಪ್ಪು, ದಿನಾ ಜಜ್ಜಿದ ಬೆಳ್ಳುಳ್ಳಿ. ಇದಕ್ಕೆ ಪ್ರತ್ಯೇಕ ಖರ್ಚು ಇಲ್ಲವೆಂದೇ ಹೇಳಬೇಕು. ಸ್ವಲ್ಪ ಕೈಬಿಚ್ಚಬಹುದಾದರೆ ವಾರಕ್ಕೊಮ್ಮೆ ಚಿಪ್ಪಣಬೆ, ಸಿಕ್ಕಾಗ ಬ್ರೊಕೋಲಿ. ಮಾತ್ರೆಗೆ ಎತ್ತಿಟ್ಟ ಹಣವಿದ್ದರೆ ಅದನ್ನು ಇವಕ್ಕೇ ಹಾಕಿ.

ಬೆಳ್ಳುಳ್ಳಿ-ಈರುಳ್ಳಿ ಬಳಸದ ಮನೆ: ಹಸಿ ಸಾಸಿವೆ ರುಬ್ಬಿದ ಪದಾರ್ಥಗಳು ಮತ್ತು ಕೋಸಿನ ಗುಂಪು ಸೂಚನೆಯ ಕೆಲಸಕ್ಕೆ ಬೆಳ್ಳುಳ್ಳಿಗಿಂತ ಕಡಿಮೆಯೇನಲ್ಲ. ಮೂಲಂಗಿ, ನುಗ್ಗೆ, ಕೋಸು ಕೂಡ ಬಿಡುವ ಮಡಿವಂತರ ಮನೆಯಾದರೆ ಸಾಸಿವೆಯೇ ಆಸರೆ. ಇಂಗಿನ ವಾಸನೆಯೂ ಗಂಧಕದ ಅಣುಗಳದೇ, ಆದರೆ ಬಳಸುವುದು ಚಿಟಿಕೆ, ಅದರ ಮೇಲೆ ಭಾರ ಹಾಕುವಂತಿಲ್ಲ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ದ್ವಿದಳ ಬಿಡುವವರು ಗಮನಿಸಿ: ಮೊಸರು ಬಿಟ್ಟ ತಿಂಗಳು ಹಾಲು ಬೇಳೆ, ಹಾಲು ಬಿಟ್ಟ ತಿಂಗಳು ಮೊಸರು ಬೇಳೆ, ಬೇಳೆ ಬಿಟ್ಟ ತಿಂಗಳು ಹಾಲು ಮೊಸರು ಹೆಚ್ಚಿಸಿಕೊಂಡರೆ ಕಚ್ಚಾವಸ್ತುವಿಗೆ ಕೊರತೆಯಾಗದು.

ಫ್ಯಾಟಿ ಲಿವರ್ ಎಂದು ಬಂದವರು: ತೂಕ, ಸಕ್ಕರೆ, ಮದ್ಯ, ಈ ಮೂರರ ಹತೋಟಿಯ ಬದಲಿಗೆ ನಿಲ್ಲಬಲ್ಲ ಗಂಧಕದ ಮಾತ್ರೆ ಇಲ್ಲ. ಪ್ರೋಟೀನು ಸರಿಯಾಗಿದ್ದು, ತರಕಾರಿಯಲ್ಲಿ ಕೋಸಿನ ಗುಂಪಿಗೆ ಜಾಗ ಕೊಡಿ, ಎನ್‌ಎಸಿ ಬೇಕೋ ಬೇಡವೋ ವೈದ್ಯರು ಹೇಳಲಿ.

ಅಂಗಾಲು ಉರಿಗೆ ಲಿಪೋಯಿಕ್ ಆಸಿಡ್ ನುಂಗುತ್ತಿರುವವರು: ಮುಂದುವರಿಸುವುದಾದರೆ ಪ್ರಮಾಣ ಎಷ್ಟಿದೆ, ಎಷ್ಟು ತಿಂಗಳಿಗೆ ಫಲ ನೋಡಬೇಕು ಎಂದು ವೈದ್ಯರನ್ನೇ ಕೇಳಿ. ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ ಬಿ12 ಕೂಡ ನೋಡಿಸಿ, ಏಕೆಂದರೆ ಆ ಔಷಧ ಬಿ12 ಇಳಿಸುತ್ತದೆ, ಬಿ12 ಇಳಿದರೂ ಕಾಲು ಹೀಗೇ ಉರಿಯುತ್ತದೆ. ಬೆವರಿ, ನಡುಗಿ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ಮಟ್ಟ ನೋಡಿಕೊಳ್ಳಿ.

ಸಲ್ಫಾ ಔಷಧಕ್ಕೆ ಅಲರ್ಜಿ ಇರುವವರು ಬೆಳ್ಳುಳ್ಳಿ, ಕೋಸು ತಿನ್ನಬಹುದೇ ಎಂದು ಬಹಳ ಜನ ಕೇಳುತ್ತಾರೆ. ತಿನ್ನಬಹುದು. ಸಲ್ಫಾ ಔಷಧದ ಅಣುವಿನ ರಚನೆಯೇ ಬೇರೆ, ಊಟದ ಗಂಧಕಕ್ಕೂ ಅದಕ್ಕೂ ಸಂಬಂಧವಿಲ್ಲ. ಆಪರೇಷನ್ ದಿನ ಗೊತ್ತಾಗಿರುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ಸೇರಿ ತಾವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಮೊದಲೇ ಅರಿವಳಿಕೆ ವೈದ್ಯರ ಕೈಗೆ ಕೊಡಿ. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರು ಹೇಳುತ್ತಾರೆ.